ಮಳೆಗಾಲದ ಕಡಲಿಗೆ ಚಾಲಕರಹಿತ ದೋಣಿಯ ಕಾವಲು: ಕರಾವಳಿಗೆ ಇದೇಕೆ ಮುಖ್ಯ?

2022ರ ಜೂನ್‌ನಲ್ಲಿ ಉಳ್ಳಾಲ ತೀರದ ಬಳಿ ‘ಪ್ರಿನ್ಸೆಸ್ ಮಿರಾಲ್’ ಸರಕು ಹಡಗು ಮುಳುಗಿತು. 15 ಸಿರಿಯಾ ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ರಕ್ಷಿಸಿತು. ಆದರೆ ಹಡಗಿನ ತೈಲ ಸೋರಿಕೆಯಾಗುವ ಆತಂಕ ಮೀನುಗಾರರಲ್ಲಿ ಉಳಿಯಿತು. ಮಳೆಗಾಲದ ಅಬ್ಬರದ ಕಡಲಿಗಿಳಿದು ನೀರಿನ ಮಾದರಿ ತರುವುದು ಅಪಾಯಕಾರಿ. ಇಂಥ ಕಡೆ ನೆರವಾಗಬಲ್ಲವು ಚಾಲಕರಹಿತ ದೋಣಿಗಳು.

ಹೇಗೆ ಕೆಲಸ ಮಾಡುತ್ತವೆ?
ಜಿಪಿಎಸ್ ನೆರವಿನಿಂದ ನಿಗದಿತ ಮಾರ್ಗದಲ್ಲಿ ತಾವೇ ಸಾಗುವ ಈ ದೋಣಿಗಳಿಗೆ ಬ್ಯಾಟರಿ, ಸೌರಶಕ್ತಿ ಅಥವಾ ಗಾಳಿಯೇ ಬಲ. ಸೆನ್ಸರ್‌ಗಳು ನೀರಿನ ಉಷ್ಣತೆ, ಉಪ್ಪಿನಂಶ, ಕರಗಿದ ಆಮ್ಲಜನಕ, ತೈಲದ ಅಂಶವನ್ನು ಅಳೆಯುತ್ತವೆ. ಮಾಹಿತಿ ಉಪಗ್ರಹದ ಮೂಲಕ ದಡ ತಲುಪುತ್ತದೆ.

ಮಳೆಗಾಲದಲ್ಲೇ ಏಕೆ?
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ಮೇಲೇರುತ್ತದೆ. ಇದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಮೀನಿನ ಇರವು ಇದನ್ನೇ ಅವಲಂಬಿಸಿದೆ. ಆದರೆ ಮೋಡ ಕವಿದಾಗ ಉಪಗ್ರಹಗಳು ನೀರಿನ ಬಣ್ಣ ಗುರುತಿಸಲಾರವು. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವುದರಿಂದ ಕಡಲಲ್ಲಿ ಬೋಟುಗಳೇ ವಿರಳ.

ಬಿರುಗಾಳಿ ತಡೆದೀತೇ?
2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ಸೈಲ್‌ಡ್ರೋನ್’ ದೋಣಿ ಅಟ್ಲಾಂಟಿಕ್‌ನ ‘ಸ್ಯಾಮ್’ ಚಂಡಮಾರುತದೊಳಗೆ ನುಗ್ಗಿ ಮಾಹಿತಿ ಕಳುಹಿಸಿತ್ತು. ಭಾರತದಲ್ಲೂ 2024ರಲ್ಲಿ ‘ಮಾತಂಗಿ’ ಸ್ವಯಂಚಾಲಿತ ದೋಣಿಯ ಮುಂಬೈ–ತೂತ್ತುಕುಡಿ ಯಾನಕ್ಕೆ ಚಾಲನೆ ದೊರೆತಿತ್ತು. ಆದರೆ ಅದು ನೌಕಾಪಡೆಗಾಗಿ ರೂಪಿಸಿದ್ದು.

ಮಿತಿಗಳೇನು?
ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡರೆ ಸೆನ್ಸರ್ ಲೆಕ್ಕ ತಪ್ಪುತ್ತದೆ. ಬಲೆಗೆ ಸಿಲುಕುವ ಅಪಾಯವೂ ಇದೆ. ಹೀಗಾಗಿ ಲ್ಯಾಬ್ ಪರೀಕ್ಷೆ ತಪ್ಪದು. ಮಾಹಿತಿ ಕಡತದಲ್ಲೇ ಉಳಿಯದೆ ಮೀನುಗಾರರಿಗೆ ಸಕಾಲಕ್ಕೆ ತಲುಪಿದರಷ್ಟೇ ಈ ಕಾವಲು ಸಾರ್ಥಕ.