ಮುಕ್ತ ತಂತ್ರಾಂಶದ ವಿಸ್ತರಣೆಗಳು ಮತ್ತು ಕನ್ನಡ ಅಧ್ಯಯನ: ಪದಪರೀಕ್ಷಕವನ್ನು ಕುರಿತು

ಮುಕ್ತ ತಂತ್ರಾಂಶಗಳು ಕನ್ನಡದಂತಹ ಭಾಷೆಗೆ ಒಗ್ಗುವುದು ಬಹುಮಟ್ಟಿಗೆ ಅವುಗಳ ವಿಸ್ತರಣೆಗಳ ಮೂಲಕ. ಮೂಲ ತಂತ್ರಾಂಶವನ್ನು ತಿದ್ದದೆ, ಅದು ಗೊತ್ತುಪಡಿಸಿದ ನಿಯಮಗಳಿಗೆ ಅನುಸಾರವಾಗಿ ಹೊರಗಿನಿಂದ ಸೇರಿಸುವ ಚಿಕ್ಕ ಘಟಕವೇ ವಿಸ್ತರಣೆ. ಲಿಬ್ರೆಆಫೀಸ್‌ಗೆ ಸೇರಿಸಬಹುದಾದ ಪದಪರೀಕ್ಷಕ ಇದಕ್ಕೊಂದು ನಿದರ್ಶನ. ಇಂತಹ ವಿಸ್ತರಣೆಗಳನ್ನು ಕಟ್ಟುವ ಸಮುದಾಯವೆಂದರೆ ಕೇವಲ ತಂತ್ರಜ್ಞರ ಗುಂಪು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್‌ಗಳೆರಡೂ ಪದಪರೀಕ್ಷೆಗೆ ಹನ್‌ಸ್ಪೆಲ್ ಎಂಬ ಮುಕ್ತ ತಂತ್ರಾಂಶವನ್ನು ಅವಲಂಬಿಸಿವೆ. ಇದು ಮೊದಲು ರೂಪುಗೊಂಡದ್ದು ಹಂಗೇರಿಯನ್ ಭಾಷೆಗಾಗಿ. ಕನ್ನಡದಂತೆಯೇ ಹಂಗೇರಿಯನ್ನಿನಲ್ಲಿಯೂ ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತದೆ; ಆದ್ದರಿಂದ ಎಲ್ಲ ಪದರೂಪಗಳನ್ನೂ ಪಟ್ಟಿ ಮಾಡುವುದು ಅಸಾಧ್ಯ. ಹನ್‌ಸ್ಪೆಲ್ ಇದಕ್ಕೆ ಎರಡು ಕಡತಗಳನ್ನು ಬಳಸುತ್ತದೆ. ಒಂದರಲ್ಲಿ ಪ್ರಕೃತಿಗಳಿರುತ್ತವೆ, ಇನ್ನೊಂದರಲ್ಲಿ ಪ್ರತ್ಯಯಗಳು ಸೇರುವ ನಿಯಮಗಳಿರುತ್ತವೆ. ಪ್ರತಿಯೊಂದು ಪ್ರಕೃತಿಯ ಮುಂದೆ ಅದಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬ ಗುರುತನ್ನು ಹಾಕಬೇಕು.

ದ್ವಿತೀಯಾ ವಿಭಕ್ತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ಮನೆ’ ಎಂಬುದು ‘ಮನೆಯನ್ನು’ ಆಗುವಾಗ ಯಕಾರಾಗಮ, ‘ಮರ’ ಎಂಬುದು ‘ಮರವನ್ನು’ ಆಗುವಾಗ ವಕಾರಾಗಮ, ‘ಊರು’ ಎಂಬುದು ‘ಊರನ್ನು’ ಆಗುವಾಗ ಉಕಾರಲೋಪ. ಆದರೆ ‘ಗುರು’, ‘ಮಗು’, ‘ವಸ್ತು’ ಪದಗಳ ಉಕಾರ ಲೋಪವಾಗುವುದಿಲ್ಲ. ಅವು ‘ಗುರುವನ್ನು’, ‘ಮಗುವನ್ನು’, ‘ವಸ್ತುವನ್ನು’ ಎಂದಾಗುತ್ತವೆ. ಹೀಗಾಗಿ ಉಕಾರಾಂತ ಪದಗಳನ್ನು ಕನಿಷ್ಠ ಎರಡು ವರ್ಗಗಳಾಗಿ ವಿಂಗಡಿಸಬೇಕು. ಈ ಕೆಲಸಕ್ಕೆ ಬೇಕಾದುದು ಪ್ರೋಗ್ರಾಮಿಂಗ್ ಜ್ಞಾನವಲ್ಲ, ವ್ಯಾಕರಣಜ್ಞಾನ. ೧೩ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವೇಚಿಸಿದ ಲೋಪ, ಆಗಮ, ಆದೇಶಗಳೇ ಇಲ್ಲಿ ಯಂತ್ರಕ್ಕೆ ತಿಳಿಯುವ ಸೂತ್ರಗಳಾಗುತ್ತವೆ. ಒಂದು ತೊಡಕನ್ನೂ ಗಮನಿಸಬೇಕು: ಹನ್‌ಸ್ಪೆಲ್ ಎರಡು ಹಂತದ ಪ್ರತ್ಯಯಗಳನ್ನು ಮಾತ್ರ ಬಿಡಿಸಬಲ್ಲದು. ‘ಮನೆಗಳಲ್ಲಿಯೂ’ ಎಂಬಲ್ಲಿ ಮೂರು ಹಂತಗಳಿರುವುದರಿಂದ ಬಹುವಚನ ಮತ್ತು ವಿಭಕ್ತಿಗಳನ್ನು ಕೂಡಿಸಿ ಒಂದೇ ನಿಯಮವಾಗಿ ಬರೆಯಬೇಕಾಗುತ್ತದೆ.

ಗಡಿ ಪ್ರದೇಶದ ಪದಗಳಿಗೆ ಬಂದಾಗ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಕನ್ನಡ, ತಮಿಳು, ತೆಲುಗುಗಳು ಬೆರೆತಿರುವ ಕೋಲಾರ ಚಿನ್ನದ ಗಣಿ ಪ್ರದೇಶವನ್ನೇ ನೋಡಬಹುದು. ‘ನಂದಿದುರ್ಗ’ ಸಹಜವಾಗಿ ‘ನಂದಿದುರ್ಗದಲ್ಲಿ’ ಎಂದಾಗುತ್ತದೆ. ‘ಮಾರಿಕುಪ್ಪಂ’ ಎಂಬುದು ‘ಮಾರಿಕುಪ್ಪದಲ್ಲಿ’ ಆಗಬೇಕೇ, ‘ಮಾರಿಕುಪ್ಪಂನಲ್ಲಿ’ ಆಗಬೇಕೇ? ‘ಕೋರಮಂಡಲ್’ ಎಂಬ ವ್ಯಂಜನಾಂತ ನಾಮಕ್ಕೆ ‘ಕೋರಮಂಡಲಿನಲ್ಲಿ’, ‘ಕೋರಮಂಡಲ್‌ನಲ್ಲಿ’ ಎಂಬ ಎರಡು ರೂಪಗಳು ಸಾಧ್ಯ. ಎರಡನೆಯ ರೂಪದಲ್ಲಿ ಲಕಾರಕ್ಕೆ ನಕಾರ ಒತ್ತಾಗದಂತೆ ತಡೆಯಲು ಯುನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದನ್ನು ಬಿಟ್ಟು ಬೆರಳಚ್ಚು ಮಾಡಿದರೆ ಯಂತ್ರಕ್ಕೆ ಅದು ಬೇರೆಯೇ ಪದ. ಈ ಪ್ರದೇಶದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಶಾಫ್ಟು, ಲೈನು, ಸೈನೈಡ್ ಗುಡ್ಡ ಮುಂತಾದ ಪದಗಳು ಇಲ್ಲಿ ಪಡೆದ ವಿಶಿಷ್ಟ ಅರ್ಥಗಳು ದುಡಿಮೆಯೊಂದಿಗೆ ಹುಟ್ಟಿದವು. ದುಡಿಮೆ ನಿಂತ ಮೇಲೆ ಅವು ಬರವಣಿಗೆಯಲ್ಲಿ ಮಾತ್ರ ಉಳಿಯಬಲ್ಲವು. ಪಟ್ಟಿಯಲ್ಲಿಲ್ಲದ ಪದದ ಕೆಳಗೆ ಪದಪರೀಕ್ಷಕವು ಕೆಂಪು ಗೆರೆ ಎಳೆಯುತ್ತದೆ, ಬರೆಯುವವನು ಅದನ್ನು ತಪ್ಪೆಂದು ಬಗೆದು ಬದಲಾಯಿಸುತ್ತಾನೆ. ಹೀಗೆ ಪಟ್ಟಿಯ ಕೊರತೆಯೇ ಭಾಷೆಯ ಶುದ್ಧಾಶುದ್ಧತೆಯ ತೀರ್ಪಾಗಿಬಿಡುವ ಅಪಾಯವಿದೆ.

ಹಾಗಾದರೆ ಇಂತಹ ಸಮುದಾಯ ಬಾಳುವುದು ಹೇಗೆ? ಎರಡು ನಿದರ್ಶನಗಳು ಬೆಳಕು ಚೆಲ್ಲುತ್ತವೆ. ೨೦೧೭ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ತನ್ನ ಹಳೆಯ ವಿಸ್ತರಣಾ ವ್ಯವಸ್ಥೆಯನ್ನು ಕೈಬಿಟ್ಟಿತು. ಹೊಸ ವ್ಯವಸ್ಥೆಗೆ ಹೊಂದಿಸಿ ಬರೆಯುವವರಿಲ್ಲದ ವಿಸ್ತರಣೆಗಳು ನಿಂತುಹೋದವು. ಇದಕ್ಕೆ ವ್ಯತಿರಿಕ್ತವಾಗಿ, ವಿಕಿಪೀಡಿಯದಲ್ಲಿ ಭಾರತೀಯ ಭಾಷೆಗಳ ಬೆರಳಚ್ಚಿಗೆ ಬಳಕೆಯಲ್ಲಿದ್ದ ‘ನಾರಾಯಂ’ ವಿಸ್ತರಣೆಯ ಸ್ಥಾನಕ್ಕೆ ೨೦೧೩ರಲ್ಲಿ ಬೇರೊಂದು ವಿಸ್ತರಣೆ ಬಂದರೂ ಕೀಲಿವಿನ್ಯಾಸದ ನಿಯಮಗಳು ನಷ್ಟವಾಗಲಿಲ್ಲ. ಅವುಗಳನ್ನು ಪ್ರತಿಯೊಂದು ಭಾಷೆಗೂ ಪ್ರತ್ಯೇಕವಾದ ಸರಳ ಕಡತಗಳಲ್ಲಿ ಇರಿಸಿದ್ದುದೇ ಇದಕ್ಕೆ ಕಾರಣ. ತಂತ್ರಾಂಶ ಅಳಿದರೂ ಭಾಷಾಸಾಮಗ್ರಿ ಉಳಿಯಬಲ್ಲದು ಎಂಬುದೇ ಇದರಿಂದ ಸಿದ್ಧವಾಗುವ ಅಂಶ.

ಸಾಮಗ್ರಿಯು ಮುಕ್ತ ಪರವಾನಗಿಯಲ್ಲಿ ಇರುವುದೂ ಅಷ್ಟೇ ಮುಖ್ಯ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ೨೦೧೯ರಲ್ಲಿ ಮುಕ್ತ ದತ್ತಾಂಶವಾಗಿ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಈ ಎರಡು ಸಂದರ್ಭಗಳಲ್ಲಿಯೂ ವಿದ್ವತ್ತಿನ ಫಲ ಇತರರು ಮುಂದುವರಿಸಬಹುದಾದ ಸಾಮಗ್ರಿಯಾಗಿ ಪರಿಣಮಿಸಿತು.

ಒಟ್ಟಾರೆ ಹೇಳುವುದಾದರೆ, ವಿಸ್ತರಣೆಯ ನಿರ್ಮಾಣದಲ್ಲಿ ತಂತ್ರಜ್ಞನದು ಚೌಕಟ್ಟು, ಭಾಷಾವಿದನದು ತಿರುಳು. ಕನ್ನಡ ವಿಭಾಗಗಳು ತಮ್ಮ ಪರಿಸರದ ನೂರು ಪದಗಳನ್ನು ಸಂಗ್ರಹಿಸಿ, ಅವುಗಳ ವಿಭಕ್ತಿರೂಪಗಳನ್ನು ಗುರುತಿಸಿ ಕೊಡುವುದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಭಾಗವಾಗಿಸಬಹುದು. ಕೊಟ್ಟ ಪದಗಳನ್ನು ಪರಿಶೀಲಿಸಿ ಸೇರಿಸುವ ಹೊಣೆ ಒಬ್ಬರಿಗೇ ಸೀಮಿತವಾಗದೆ ಇಬ್ಬರು ಮೂವರ ನಡುವೆ ಹಂಚಿಹೋಗಬೇಕು. ಒಬ್ಬರು ನಿವೃತ್ತರಾದಾಗ ಕೆಲಸ ನಿಲ್ಲಬಾರದು. ಹೀಗೆ ಬಂಗಾರಪೇಟೆಯ ವಿದ್ಯಾರ್ಥಿಯೊಬ್ಬ ಸೇರಿಸಿದ ಪದ, ಆ ವಿಸ್ತರಣೆಯನ್ನು ಬಳಸುವ ಎಲ್ಲರ ಬರವಣಿಗೆಯಲ್ಲಿಯೂ ಕನ್ನಡದ ಪದವೆಂದೇ ಮಾನ್ಯವಾಗುತ್ತದೆ.