ಜರಡಿಯ ಮೇಲೆ ಉಳಿದ ಕಲ್ಲಿನ ಲೆಕ್ಕ

ನಮ್ಮದು ಚಳ್ಳಕೆರೆ ಸೀಮೆಯ ಕೆಂಪು ಗರಸು ಹೊಲ. ಒಂದಡಿ ಮಣ್ಣು, ಕೆಳಗೆ ಗಟ್ಟಿ. ಮಳೆ ನಂಬಿ ಶೇಂಗಾ ಬಿತ್ತುತ್ತೇವೆ. ಕೃಷಿಹೊಂಡದ ನೀರು ಒಂದು ಸಲಕ್ಕೆ ಮಾತ್ರ ಸಾಕು. ಅದನ್ನು ಯಾವಾಗ ಕೊಡಬೇಕು ಅನ್ನೋದೇ ನಮ್ಮ ತಲೆನೋವು.

ಒಮ್ಮೆ ಕೆಲವರು ಬಂದು ಮಣ್ಣು ಒಯ್ದರು. ಕಂಪ್ಯೂಟರಿನಲ್ಲಿ ನೀರಿನ ಲೆಕ್ಕ ಹಾಕಿಕೊಟ್ಟರು. ವಿಧಾನ ಹೀಗೆ: ನೆನೆದ ಮಣ್ಣನ್ನು ಒತ್ತಡದ ಪಾತ್ರೆಯಲ್ಲಿಟ್ಟು ಬೇರೆ ಬೇರೆ ಒತ್ತಡಕ್ಕೆ ಎಷ್ಟು ನೀರು ಉಳಿಯುತ್ತದೆಂದು ತೂಗುತ್ತಾರೆ. ಮೂರನೇ ಒಂದು ಬಾರ್‌ನಲ್ಲಿ ಉಳಿದದ್ದು, ಮಳೆ ನಿಂತು ಹೆಚ್ಚಿನ ನೀರು ಬಸಿದ ಮೇಲೆ ಹೊಲದಲ್ಲಿ ಉಳಿಯುವ ನೀರು. 15 ಬಾರ್‌ನಲ್ಲಿ ಉಳಿದದ್ದು ಬೇರಿಗೆ ಸಿಗದ ನೀರು. ಇವೆರಡರ ನಡುವಿನದು ಬೆಳೆಯ ಪಾಲು. ಅಳತೆಯ ಚುಕ್ಕಿಗಳ ಮೇಲೆ ಒಂದು ಗೆರೆ ಕೂರಿಸುತ್ತಾರೆ. ಅದಕ್ಕೆ ವಾನ್ ಗೆನುಕ್ಟೆನ್ ಎಂಬ ವಿಜ್ಞಾನಿ 1980ರಲ್ಲಿ ಪ್ರಕಟಿಸಿದ ಸೂತ್ರ ಹೆಚ್ಚು ಬಳಕೆಯಲ್ಲಿದೆ.

ನನ್ನ ಮಣ್ಣಿಗೆ 20 ಮತ್ತು 8, ಅಂದರೆ ಬೆಳೆಯ ಪಾಲು ಶೇ. 12. ಸಾಂದ್ರತೆ 1.5, ಆಳ 30 ಸೆಂ.ಮೀ. ಒಟ್ಟು 54 ಮಿ.ಮೀ. ದಿನಕ್ಕೆ 4 ಮಿ.ಮೀ. ಖರ್ಚಾದರೆ 13 ದಿನ! ಗೆರೆಯೂ ಚುಕ್ಕಿಗಳ ಮೇಲೆ ಚೆನ್ನಾಗಿ ಕೂತಿತ್ತು.

2023ರ ಆಗಸ್ಟ್ ನೆನಪಿದೆಯಲ್ಲ? 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಹೂವಿನ ಸೂಜಿ ಮಣ್ಣಿಗಿಳಿಯುವ ಹೊತ್ತು. ಆರನೇ ದಿನಕ್ಕೇ ಮಧ್ಯಾಹ್ನ ಎಲೆ ಮುದುಡಿತು. "ಕೊಡೋಣ" ಅಂದಳು ಹೆಂಡತಿ. ನಾನು ಕಾಗದ ನಂಬಿದೆ. ಇನ್ನೂ ನೀರಿದೆ, ಮಳೆ ಬಂದರೂ ಬರಬಹುದು ಅಂತ ಹತ್ತು ದಿನ ಕಾದೆ. ಎಂಟು ಚೀಲದ ಎಕರೆ ಮೂರು ಚೀಲ ಕೊಟ್ಟಿತು.

ಎಲ್ಲಿ ತಪ್ಪಿತು? ಸುಗ್ಗಿಯಾದ ಮೇಲೆ ಹೊಲದಲ್ಲಿ ಗುಂಡಿ ತೋಡಿದೆ. ತೆಗೆದ ಮಣ್ಣು ಒಣಗಿಸಿ ತೂಗಿದೆ: 9 ಕಿಲೋ. ಗುಂಡಿಗೆ ಪ್ಲಾಸ್ಟಿಕ್ ಹಾಸಿ ನೀರು ತುಂಬಿದೆ: 6 ಲೀಟರ್ ಹಿಡಿಯಿತು. ಸಾಂದ್ರತೆ 1.5 ಸರಿಯೇ. ಆಮೇಲೆ 2 ಮಿ.ಮೀ. ಜರಡಿ ಹಿಡಿದೆ. 3 ಕಿಲೋ ಕಲ್ಲು ಮೇಲೆ ಉಳಿಯಿತು!

ಗುಟ್ಟು ಇಲ್ಲೇ ಇತ್ತು. ಪ್ರಯೋಗಾಲಯದಲ್ಲಿ ಅಳೆಯುವುದು ಜರಡಿ ಇಳಿದ ಮಣ್ಣನ್ನು. ಲೆಕ್ಕ ಹಾಕಿದವರು ಕಲ್ಲಿಗೂ ಅಷ್ಟೇ ನೀರು ಕೊಟ್ಟುಬಿಟ್ಟಿದ್ದರು. ನಮ್ಮದು ಬೆಣಚುಕಲ್ಲು, ಅದು ಏನು ನೀರು ಕುಡಿದೀತು? 6 ಕಿಲೋ ಮಣ್ಣಿನ ಶೇ. 12 ಅಂದರೆ 720 ಗ್ರಾಂ. 6 ಲೀಟರ್ ಜಾಗಕ್ಕೆ ಹಂಚಿದರೆ ಒಂದಡಿಗೆ 36 ಮಿ.ಮೀ. ಮಾತ್ರ. ಒಂಬತ್ತೇ ದಿನಕ್ಕೆ ತಳ ಕಾಣುತ್ತದೆ. ಹಾಗೆಂದು ಕೊನೆ ಹನಿಯವರೆಗೂ ಕಾಯುವಂತಿಲ್ಲ. ಅರ್ಧ ಮುಗಿಯುತ್ತಲೇ ಶೇಂಗಾ ಸೊರಗಲು ಶುರು.

2024ರಲ್ಲಿ ಮಳೆ ಕೈಕೊಟ್ಟಾಗ ಐದನೇ ದಿನವೇ ಹೊಂಡದ ನೀರು ಕೊಟ್ಟೆ. ಏಳು ಚೀಲ ಕೈಗೆ ಬಂತು.

ಸೂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟ ಮಣ್ಣಿಗೆ ಅದು ಸರಿಯಾಗಿಯೇ ಉತ್ತರ ಹೇಳಿತ್ತು. ಆದರೆ ಆ ಮಣ್ಣು ನನ್ನ ಹೊಲದ ಮೂರರಲ್ಲಿ ಎರಡು ಪಾಲು ಅಷ್ಟೇ. ಗರಸು ಹೊಲದವರು ಮಣ್ಣು ಪರೀಕ್ಷೆಗೆ ಕೊಡುವಾಗ ಒಂದು ಮಾತು ಕೇಳಿ: "ಕಲ್ಲು ಎಷ್ಟು ಸಿಕ್ಕಿತು, ಲೆಕ್ಕದಲ್ಲಿ ಕಳೆದಿರಾ?" ಉತ್ತರ ಸಿಗದಿದ್ದರೆ ಒಂದು ಜರಡಿ, ಒಂದು ತಕ್ಕಡಿ ಸಾಕು. ಎಲೆ ಮುದುಡಿದಾಗ ಕಾಗದ ನೋಡುತ್ತ ಕೂರಬೇಡಿ.