ಸಿಪ್ಯಾಪ್ ಬಂದ ಮನೆಯಲ್ಲಿ ಬೆಕ್ಕು ಇರಬಾರದೇ?

ಕೊಡಗಿನ ಭಾಗಮಂಡಲದ ಕಡೆ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಬೆಕ್ಕು ಒಲೆ ಬಿಟ್ಟು ಏಳುವುದಿಲ್ಲ. ಒಲೆ ಆರಿದ ಮೇಲೆ ಅದಕ್ಕೆ ಬೇಕಾಗುವುದು ಯಾರದಾದರೂ ಕಂಬಳಿ. ಆ ಕಂಬಳಿ ಹೊದೆಯುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದು, ಮಂಚದ ಪಕ್ಕ ಸಿಪ್ಯಾಪ್ ಯಂತ್ರ ಬಂದು ಕೂತರೆ ನೆಂಟರ ಉಪದೇಶ ಶುರು: ‘ಮೊದಲು ಆ ಬೆಕ್ಕನ್ನು ಎಲ್ಲಾದರೂ ಬಿಟ್ಟು ಬನ್ನಿ. ಕೂದಲು ಮೆಷಿನ್ನಿಗೆ ಹೋಗಿ ಶ್ವಾಸಕೋಶ ಸೇರುತ್ತದೆ, ದಮ್ಮು ಹಿಡಿಯುತ್ತದೆ.’

ಕೂದಲು ಅಷ್ಟು ದೂರ ಹೋಗುವುದಿಲ್ಲ. ಯಂತ್ರ ಗಾಳಿ ಎಳೆದುಕೊಳ್ಳುವ ಬಾಯಿಯಲ್ಲಿ ಫಿಲ್ಟರ್ ಇದೆ, ಅಲ್ಲೇ ನಿಲ್ಲುತ್ತದೆ. ಅಲರ್ಜಿ ತರುವುದೂ ಕೂದಲಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಜಿಡ್ಡಿನಲ್ಲಿರುವ ‘ಫೆಲ್ ಡಿ 1’ ಎಂಬ ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ತುಪ್ಪಳಕ್ಕೆ ಅಂಟಿ, ಒಣಗಿ, ಕಣ್ಣಿಗೆ ಕಾಣದ ಪುಡಿಯಾಗಿ ತೇಲುತ್ತದೆ. ಸಾಮಾನ್ಯ ಫಿಲ್ಟರ್ ಇದನ್ನೆಲ್ಲ ತಡೆಯಲಾರದು. ಬೆಕ್ಕಿನ ಅಲರ್ಜಿ ಇದ್ದವರು ಇನ್ನೂ ಸೂಕ್ಷ್ಮವಾದ ಫಿಲ್ಟರ್ ಹಾಕಿಸಿಕೊಳ್ಳಬೇಕು, ಬೆಕ್ಕನ್ನು ಮಲಗುವ ಕೋಣೆಯಿಂದ ಹೊರಗಿಡಬೇಕು. ಅಲರ್ಜಿ ಇಲ್ಲದವರಿಗೆ ಬೆಕ್ಕಿನ ಕೂದಲು ತಾಗಿದ ಮಾತ್ರಕ್ಕೆ ದಮ್ಮು ಬರುವುದಿಲ್ಲ. ಇನ್ನು, ಬೆಕ್ಕನ್ನು ಸಾಗಹಾಕಿದ ಮರುದಿನವೇ ಮೂಗು ಸರಿಹೋಗುವುದೂ ಇಲ್ಲ. ಹಾಸಿಗೆಯೊಳಗೆ ಸೇರಿದ ಪ್ರೋಟೀನು ತಿಂಗಳುಗಟ್ಟಲೆ ಉಳಿಯುತ್ತದೆ. ಅಷ್ಟರಲ್ಲಿ ಭತ್ತದ ಚೀಲಕ್ಕೆ ಇಲಿ ಬಂದಿರುತ್ತದೆ.

ಯಂತ್ರ ಆಕ್ಸಿಜನ್ ಕೊಡುತ್ತದೆ, ಕೋಣೆಯ ಗಾಳಿ ಹೇಗಿದ್ದರೇನು ಎನ್ನುವವರೂ ಇದ್ದಾರೆ. ಸಿಪ್ಯಾಪ್ ಆಕ್ಸಿಜನ್ ಯಂತ್ರವಲ್ಲ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1980ರ ಸುಮಾರಿಗೆ ಸಿಡ್ನಿಯಲ್ಲಿ ಇದನ್ನು ರೂಪಿಸಿದಾಗ ಗಾಳಿ ಊದಿದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟಾರು. ಈಗಲೂ ಕೆಲಸ ಅದೇ: ಕೋಣೆಯ ಗಾಳಿಯನ್ನೇ ಪೈಪು, ಮಾಸ್ಕಿನ ಮೂಲಕ ಒತ್ತಡದಿಂದ ಊದಿ, ನಿದ್ದೆಯಲ್ಲಿ ಮುಚ್ಚಿಕೊಳ್ಳುವ ಗಂಟಲ ದಾರಿಯನ್ನು ತೆರೆದಿಡುವುದು. ಹಾಗಾಗಿ ಯಂತ್ರವನ್ನು ನೆಲದ ಮೇಲೆ, ಬೆಕ್ಕು ಮಲಗುವ ಗೋಣಿಯ ಪಕ್ಕ ಇಡಬೇಡಿ. ಸ್ಪಂಜಿನ ಫಿಲ್ಟರ್ ಇದ್ದರೆ ವಾರಕ್ಕೊಮ್ಮೆ ತೊಳೆಯಿರಿ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸ್ಪಂಜು ಒಣಗೀತೇ? ಹಸಿಯಾಗಿಯೇ ಹಾಕಿದರೆ ಬೂಷ್ಟು ಖಂಡಿತ. ಎರಡು ಫಿಲ್ಟರ್ ಇಟ್ಟುಕೊಂಡು ಬದಲಿಸುವುದೇ ವಾಸಿ. ಬಿಳಿ ಕಾಗದದಂಥದ್ದು ತೊಳೆಯಲಿಕ್ಕಲ್ಲ, ಎಸೆಯಲಿಕ್ಕೆ.

ಕೂದಲಿನ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಬೆಕ್ಕಿನ ಹಲ್ಲನ್ನು. ನಿಜವಾದ ತಂಟೆ ಇರುವುದು ಅಲ್ಲಿ. ಬೆಚ್ಚಗೆ, ಸುರುಳಿಸುರುಳಿಯಾಗಿ, ಮಗ್ಗುಲು ಬದಲಿಸಿದಾಗಲೆಲ್ಲ ಅಲುಗುವ ಪೈಪು ಮರಿಬೆಕ್ಕಿಗೆ ಬೇಟೆಯೇ ಸರಿ. ಕಚ್ಚಿದ ತೂತು ಸೂಜಿಮೊನೆಯಷ್ಟು. ಸುರುಳಿಯ ಸಂದಿನಲ್ಲಿ ಅಡಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಸಣ್ಣ ಸಿಳ್ಳೆ ಕೇಳಿಸುತ್ತದೆ, ಬೆಳಿಗ್ಗೆ ಯಂತ್ರದ ಪರದೆ ‘ಲೀಕ್’ ಎನ್ನುತ್ತದೆ, ಮಾಸ್ಕಿನ ಪಟ್ಟಿ ಸಡಿಲವಿರಬೇಕೆಂದು ಕೆನ್ನೆಯಲ್ಲಿ ಗುರುತು ಬೀಳುವಷ್ಟು ಬಿಗಿದುಕೊಳ್ಳುತ್ತೇವೆ. ಅದರ ಬದಲು ಯಂತ್ರ ಚಾಲೂ ಮಾಡಿ, ಮಾಸ್ಕ್ ತೆಗೆದು ಪೈಪಿನ ತುದಿಯನ್ನು ಅಂಗೈಯಿಂದ ಮುಚ್ಚಿ, ಒದ್ದೆ ಮಾಡಿದ ಇನ್ನೊಂದು ಕೈಯನ್ನು ಪೈಪಿನುದ್ದಕ್ಕೂ ಸವರಿ. ತೂತಿದ್ದಲ್ಲಿ ತಣ್ಣಗೆ ಚುಚ್ಚುತ್ತದೆ. ಟೇಪು ಸುತ್ತುವುದು ಒಂದೆರಡು ರಾತ್ರಿಯ ಉಪಾಯ, ಪೈಪು ಬದಲಿಸಲೇಬೇಕು. ಹೊಸದಕ್ಕೆ ಬಟ್ಟೆಯ ಕವಚ ತೊಡಿಸಿ, ಹಗಲು ಪೈಪನ್ನು ಕಳಚಿ ಕಪಾಟಿನಲ್ಲಿಡಿ. ಆದರೆ ಮಾಸ್ಕಿನ ಮುಂಭಾಗದಲ್ಲಿರುವ ಸಣ್ಣ ರಂಧ್ರಗಳನ್ನು ಬೆಕ್ಕಿನ ಕೆಲಸವೆಂದುಕೊಂಡು ಮುಚ್ಚಿಬಿಟ್ಟೀರಿ! ನಾವು ಬಿಟ್ಟ ಉಸಿರು ಹೊರಹೋಗಬೇಕಾದದ್ದು ಅಲ್ಲಿಂದಲೇ.

ಬೆಕ್ಕಿನ ಮಾತು ಅಲ್ಲಿಗಿರಲಿ, ಕರೆಂಟು ಹೋದರೆ ಮಾಸ್ಕಿನೊಳಗೇ ಉಸಿರು ಕಟ್ಟುತ್ತದೆ ಎಂಬ ಭಯ ಇಲ್ಲಿ ಸಹಜ. ಭಾಗಮಂಡಲದ ಸಂಗಮದಲ್ಲಿ ನೀರೇರಿ, ಮರ ಬಿದ್ದು ತಂತಿ ಹರಿದರೆ ಕತ್ತಲೆ ಎಷ್ಟು ಹೊತ್ತಿನದೋ ಹೇಳಲಾಗದು. ಮೂಗಿಗಷ್ಟೇ ಕೂರುವ ಮಾಸ್ಕಾದರೆ ಬಾಯಿ ತೆರೆದು ಉಸಿರಾಡಬಹುದು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ, ಯಂತ್ರ ನಿಂತೊಡನೆ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ. ಹಾಗೆಂದು ಮಾಸ್ಕನ್ನು ಹಾಕಿಕೊಂಡೇ ಮಲಗಿರುವುದು ಬೇಡ, ತೆಗೆದಿಡಿ. ಇನ್ವರ್ಟರ್ ಇದ್ದರೆ ನೀರು ಕಾಯಿಸುವ ಹ್ಯೂಮಿಡಿಫೈಯರ್ ಆರಿಸಿಬಿಡಿ. ಬ್ಯಾಟರಿ ಬೇಗ ಬರಿದಾಗುವುದು ಅದರಿಂದಲೇ.